ಆಲ್ದೂರಿನ ಮಳೆಯಲ್ಲಿ ‘ದಿ ವರ್ಲ್ಡ್ ಅಟ್ ವಾರ್’

ಆಷಾಢದ ಮಳೆ ಹಿಡಿದರೆ ನಮ್ಮ ಆಲ್ದೂರು ಕಡೆ ತೋಟಕ್ಕೆ ಇಳಿಯೋದೇ ಕಷ್ಟ. ಈ ಸಲ ಆ ದಿನಗಳಲ್ಲಿ ಮಾವನವರ ಜೊತೆ ಕೂತು, ಎರಡನೇ ಮಹಾಯುದ್ಧದ ಬಗ್ಗೆ ಇರುವ ‘ದಿ ವರ್ಲ್ಡ್ ಅಟ್ ವಾರ್’ ಅನ್ನೋ ಟಿವಿ ಸಾಕ್ಷ್ಯಚಿತ್ರ ಸರಣಿಯ 26 ಕಂತನ್ನೂ ನೋಡಿ ಮುಗಿಸಿದೆ. ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್‌ನವರು ಮಾಡಿದ್ದು. 1973ರದ್ದು, ಹಳೇದು ಅಂತ ಬಿಡಬೇಡಿ.

ಮೂರನೇ ಕಂತಿನಲ್ಲಿ ಫ್ರಾನ್ಸ್ ಸೋಲುತ್ತದೆ. 1940ರ ಜೂನ್. ಮಾವ “ಒಂದ್ನಿಮಿಷ ನಿಲ್ಸಮ್ಮ” ಅಂದರು. “ನಮ್ಮ ಕಾಫಿ ಹೋಗ್ತಿದ್ದಿದ್ದು ಯುರೋಪಿಗೇ ಅಲ್ವಾ? ಯುದ್ಧ ಬಂದು ಕಾಫಿ ಕೇಳೋರೇ ಇಲ್ದಂಗಾಯ್ತು ಅಂತ ನಮ್ಮಪ್ಪ ಹೇಳ್ತಿದ್ರು.”

ನನಗೆ ಮೈ ಜುಮ್ಮೆಂದಿತು. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ‘ಪೂಲ್’ ಅನ್ನೋ ಮಾತು ಕೇಳುತ್ತಲೇ ಇದ್ದೇನೆ. ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು ಅಂತ. ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರರು ಮುಳುಗುವಂತಾದಾಗ ಸರ್ಕಾರ ತಂದ ವ್ಯವಸ್ಥೆ ಅದು. 1942ರ ಕಾನೂನಿನಿಂದ ಕಾಫಿ ಬೋರ್ಡ್ ಗಟ್ಟಿಯಾಯಿತು. ಆ ಪೂಲ್ 1990ರ ದಶಕದವರೆಗೂ ನಡೆಯಿತು. ಸರಣಿ ಇದನ್ನೆಲ್ಲ ಹೇಳುವುದಿಲ್ಲ. ಆದರೆ ಆ ಸೋಲನ್ನು ಕಣ್ಣಾರೆ ನೋಡಿದ ಮೇಲೆ ನಮ್ಮ ಕಣದ ಕಥೆಯೂ ಅರ್ಥವಾಯಿತು.

ಇದರ ಜೀವ ಇರುವುದು ಮಾತಾಡುವ ಜನರಲ್ಲಿ. ಹಿಟ್ಲರನ ಕಾರ್ಯದರ್ಶಿಯಾಗಿದ್ದ ಟ್ರಾಡ್ಲ್ ಯುಂಗೆ, ಅವನ ಮಂತ್ರಿ ಆಲ್ಬರ್ಟ್ ಸ್ಪೀರ್, ಎಲ್ಲರೂ ಕ್ಯಾಮೆರಾ ಮುಂದೆ ಕೂತು ತಾವು ಕಂಡದ್ದನ್ನು ಹೇಳುತ್ತಾರೆ. ಶುರುವಾಗುವುದು ಫ್ರಾನ್ಸಿನ ಒರಾಡೂರ್ ಅನ್ನೋ ಖಾಲಿ ಹಳ್ಳಿಯಿಂದ. 1944ರ ಜೂನ್ 10ರಂದು ಜರ್ಮನ್ ಸೈನಿಕರು ಅಲ್ಲಿ 600ಕ್ಕೂ ಹೆಚ್ಚು ಜನರನ್ನು ಕೊಂದರು. ಕೊನೆಯ ಕಂತೂ ಅಲ್ಲಿಗೇ ವಾಪಸ್ ಬರುತ್ತದೆ.

ಬೇಜಾರೂ ಇದೆ. ಬರ್ಮಾ ಯುದ್ಧಕ್ಕೆ ಒಂದೇ ಒಂದು ಕಂತು. ಇಡೀ ಮಹಾಯುದ್ಧದಲ್ಲಿ 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ನಮ್ಮ ಸಿಪಾಯಿಗಳ ಬಾಯಿಂದಲೂ ಜಾಸ್ತಿ ಕೇಳಬೇಕಿತ್ತು. ಬ್ರಿಟಿಷರು ಜರ್ಮನ್ನರ ಗುಪ್ತ ಸಂದೇಶಗಳನ್ನು ಒಡೆದು ಓದಿದ ಕಥೆಯೂ ಇಲ್ಲ. ಆ ಗುಟ್ಟು ಜನರಿಗೆ ತಿಳಿದದ್ದೇ 1974ರಲ್ಲಿ.

ಒಂದೊಂದು ಕಂತು ಗಂಟೆಗೂ ಕಡಿಮೆ. ನಿರೂಪಣೆ ಮಾಡಿದ ನಟ ಲಾರೆನ್ಸ್ ಒಲಿವಿಯರ್ ಅವರ ಇಂಗ್ಲಿಷ್ ನಿಧಾನ, ಬಿಡಿಸಿ ಹೇಳಿದ ಹಾಗಿದೆ. ಮಾವನಿಗೆ ನಾನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. 20ನೇ ಕಂತು ಯಹೂದಿಗಳ ನರಮೇಧದ್ದು. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ. ಅವತ್ತು ಮಗನನ್ನು ಅಜ್ಜಿ ಮನೆಗೆ ಕಳಿಸಿಯೇ ನಾವು ನೋಡಿದ್ದು.