ಡೈನಮೋನಾ, ಆಲ್ಟರ್ನೇಟರಾ? ಹಳೇ ಟ್ರ್ಯಾಕ್ಟರಿನಲ್ಲಿ ನಾನು ಹಾಕಿ ನೋಡಿದ ಮೂರು ದಾರಿ

ಮಂಡ್ಯ ಕಡೆ ಕಬ್ಬು ಹೇರಿಕೊಂಡು ಫ್ಯಾಕ್ಟರಿ ಮುಂದೆ ಸಾಲಿನಲ್ಲಿ ನಿಂತವರಿಗೆ ಈ ಕಷ್ಟ ಗೊತ್ತಿರುತ್ತದೆ. ಇಪ್ಪತ್ತು ಅಡಿ ಮುಂದೆ ಹೋಗಬೇಕು, ಆಫ್ ಮಾಡಬೇಕು, ಮತ್ತೆ ಸೆಲ್ಫ್ ಹೊಡೆಯಬೇಕು. ರಾತ್ರಿಯೆಲ್ಲಾ ಇದೇ. ನಮ್ಮ 35 ಎಚ್‌ಪಿ ಹಳೇ ಟ್ರ್ಯಾಕ್ಟರ್ ಬೆಳಗಿನ ಜಾವಕ್ಕೆ 'ಟಕ್' ಅಂದು ನಿಂತುಬಿಡುತ್ತಿತ್ತು. ಬ್ಯಾಟರಿ ಹೊಸದೇ. ಚಾರ್ಜ್ ಆಗುತ್ತಿರಲಿಲ್ಲ, ಅಷ್ಟೇ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಹಳೇ ಟ್ರ್ಯಾಕ್ಟರಿನಲ್ಲಿ ಡೈನಮೋ, ಈಗಿನವುಗಳಲ್ಲಿ ಆಲ್ಟರ್ನೇಟರ್.

ಮೊದಲು ಇದ್ದ ಡೈನಮೋವನ್ನೇ ರಿಪೇರಿ ಮಾಡಿಸಿದೆ. ಹೊಸ ಕಾರ್ಬನ್, ಹೊಸ ಬೇರಿಂಗ್. ಕಮ್ಯುಟೇಟರನ್ನು ಲೇತ್‌ಗೆ ಕೊಟ್ಟು, ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಸ್ವಿಚ್) ಪಾಯಿಂಟ್ ಉಜ್ಜಿಸಿದ್ದಾಯಿತು. ಖರ್ಚು ಕಡಿಮೆ, ವೈರಿಂಗ್ ಮುಟ್ಟುವ ಅಗತ್ಯವೇ ಇಲ್ಲ. ಉಳುವಾಗ ಚೆನ್ನಾಗಿಯೇ ಚಾರ್ಜ್ ಆಯಿತು. ಆದರೆ ಅದು 22 ಆಂಪ್ ಡೈನಮೋ, ಸ್ಲೋನಲ್ಲಿ (ಆಕ್ಸಿಲರೇಟರ್ ಕೊಡದೆ ಇಂಜಿನ್ ಸುಮ್ಮನೆ ಓಡುವಾಗ) ಏನೂ ಕೊಡುವುದಿಲ್ಲ. ವೋಲ್ಟೇಜ್ ಸಾಲದೆ ಕಟೌಟ್ ಬಿಟ್ಟುಕೊಳ್ಳುತ್ತದೆ. 55 ವ್ಯಾಟಿನ ಎರಡು ಹೆಡ್‌ಲೈಟ್ ಹಾಕಿದರೆ ಅವೇ 9 ಆಂಪ್ ತಿನ್ನುತ್ತವೆ. ಸಾಲಿನಲ್ಲಿ ನಿಂತಾಗ ಅದೆಲ್ಲಾ ಬ್ಯಾಟರಿಯಿಂದಲೇ ಹೋಗಬೇಕು, ಅಲ್ವಾ?

ಆಮೇಲೆ ಒಂದೇ ವೈರಿನ ಆಲ್ಟರ್ನೇಟರ್ ತಂದೆ. ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಒಳಗೇ ಇರುತ್ತದೆ. ದಪ್ಪ ವೈರ್ ಬ್ಯಾಟರಿ ಪ್ಲಸ್‌ಗೆ, ಬಾಡಿಯೇ ಅರ್ತ್, ಕೆಲಸ ಮುಗಿಯಿತು. ಆದರೆ ಸ್ಟಾರ್ಟ್ ಆದ ಮೇಲೆ ಒಂದು ಸಲ ಜೋರಾಗಿ ಆಕ್ಸಿಲರೇಟರ್ ಕೊಡದಿದ್ದರೆ ಇದು ಚಾರ್ಜ್ ಮಾಡಲು ಏಳುವುದೇ ಇಲ್ಲ. ಒಳಗೆ ತಿರುಗುವ ರೋಟರಿನಲ್ಲಿ ಉಳಿದ ಅಷ್ಟಿಷ್ಟು ಅಯಸ್ಕಾಂತ ಶಕ್ತಿಯಿಂದಲೇ ಅದು ಶುರುವಾಗಬೇಕು. ಹಗಲಲ್ಲಿ ಒಂದೇ ಸಲ ಸ್ಟಾರ್ಟ್ ಮಾಡುವವರಿಗೆ ಸರಿ. ರಾತ್ರಿಗೆ ನಲವತ್ತು ಸಲ ಸ್ಟಾರ್ಟ್ ಮಾಡಿ, ಪ್ರತಿ ಸಲ ತಣ್ಣಗಿನ ಇಂಜಿನ್ ರೈಸ್ ಮಾಡುವುದು ನನಗೆ ಹಿಡಿಸಲಿಲ್ಲ.

ಮೂರನೆಯದೇ ಈಗಲೂ ಇರುವುದು. ಗುಜರಿಯಿಂದ ತಂದ 45 ಆಂಪ್ ಕಾರಿನ ಆಲ್ಟರ್ನೇಟರ್. ಕರೆಂಟ್ ಹೊರಗೆ ಬರುವ ಬಿ ಪ್ಲಸ್ ಟರ್ಮಿನಲ್‌ನಿಂದ 6 ಸ್ಕ್ವೇರ್ ಎಂಎಂ ವೈರ್ ನೇರವಾಗಿ ಬ್ಯಾಟರಿಗೆ. ಡಿ ಪ್ಲಸ್ ಅನ್ನುವ ಸಣ್ಣ ಟರ್ಮಿನಲ್‌ಗೆ ಕೀಯಿಂದ ಒಂದು ವೈರ್, ನಡುವೆ 12 ವೋಲ್ಟ್ 3 ವ್ಯಾಟಿನ ಬಲ್ಬ್. ಕೀ ಹಾಕಿದರೆ ಬಲ್ಬ್ ಉರಿಯುತ್ತದೆ, ಸ್ಟಾರ್ಟ್ ಆದರೆ ಆರುತ್ತದೆ. ಆ ಬಲ್ಬ್ ಸುಮ್ನೆ ತೋರಿಕೆಗಲ್ಲ, ರೋಟರನ್ನು ಎಬ್ಬಿಸುವ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಎಲ್‌ಇಡಿ ಹಾಕಿದರೆ ಅಷ್ಟು ಕರೆಂಟ್ ಹೋಗುವುದಿಲ್ಲ. ಬಲ್ಬ್ ಬಿಟ್ಟು ನೇರ ವೈರ್ ಕೊಡುವುದಂತೂ ಬೇಡವೇ ಬೇಡ. ಸ್ಲೋನಲ್ಲಿ ಮೀಟರ್ ಹಿಡಿದೆ: ಹೆಡ್‌ಲೈಟ್ ಹಾಕಿದಾಗಲೂ 13.9 ವೋಲ್ಟ್. ಡೈನಮೋ ಇದ್ದಾಗ ಅದೇ ಜಾಗದಲ್ಲಿ 12.1 ಇತ್ತು.

ಪುಲ್ಲಿ ಮಾತ್ರ ಸತಾಯಿಸಿತು. ಕಾರಿನದು ತೆಳು ಬೆಲ್ಟಿನದು, ಟ್ರ್ಯಾಕ್ಟರ್ ಬೆಲ್ಟ್ ಅಗಲ. ಡೈನಮೋ ಪುಲ್ಲಿಯ ತೂತನ್ನು ಲೇತ್‌ನಲ್ಲಿ ಸರಿ ಮಾಡಿಸಿ ಕೂರಿಸಿದೆ. ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಬೆಲ್ಟ್ ಬೇಗ ಸವೆಯುತ್ತದೆ.

ಹಳೇ ಕಟೌಟ್ ಪೂರ್ತಿ ಬಿಚ್ಚಿಬಿಡಿ. ಕೆಲವು ಹಳೇ ಟ್ರ್ಯಾಕ್ಟರಿನಲ್ಲಿ ಪ್ಲಸ್ ಅರ್ತ್ (ಬ್ಯಾಟರಿಯ ಪ್ಲಸ್ ಬಾಡಿಗೆ) ಇರುತ್ತದೆ, ಮೊದಲು ಅದನ್ನು ನೋಡಿ. ಉಲ್ಟಾ ಕೊಟ್ಟ ಕ್ಷಣಕ್ಕೇ ಆಲ್ಟರ್ನೇಟರ್ ಒಳಗಿನ ಡಯೋಡ್ ಹೋಗುತ್ತದೆ. ಡೈನಮೋ ಕಾಲದ ಮೆಕ್ಯಾನಿಕ್‌ಗಳಿಗೆ ಇನ್ನೊಂದು ಅಭ್ಯಾಸವಿದೆ: ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ತೆಗೆದು ಚಾರ್ಜ್ ನೋಡುವುದು. ನನ್ನ ಮೊದಲ ಆಲ್ಟರ್ನೇಟರ್ ಹಾಗೆಯೇ ಹೋಯಿತು. ಅವರು ಕೈ ಹಾಕುವ ಮೊದಲೇ ಹೇಳಿಬಿಡಿ.

ಹಗಲು ಉಳುಮೆ ಮಾತ್ರ ಇದ್ದರೆ ಡೈನಮೋ ರಿಪೇರಿ ಸಾಕು. ರಾತ್ರಿ ಲೋಡ್ ಹೊಡೆಯುವವರು ಬಲ್ಬ್ ಇರುವ ಆಲ್ಟರ್ನೇಟರನ್ನೇ ಹಾಕಿಸಿ. ಟೂಲ್‌ಬಾಕ್ಸಿನಲ್ಲಿ ಎರಡು ಬಲ್ಬ್ ಜಾಸ್ತಿ ಇಟ್ಟುಕೊಳ್ಳಿ.