ತಾಳಮದ್ದಳೆ ಎಡಿಟ್ ಮಾಡಲು ನಾನು ಶಾಟ್‌ಕಟ್ ಹಿಡಿದದ್ದು ಯಾಕೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಶಾಟ್‌ಕಟ್‌ಗೆ. ಕಂಪ್ಯೂಟರಿನಲ್ಲಿ ವಿಡಿಯೋ ಎಡಿಟ್ ಮಾಡುವ ಉಚಿತ ಸಾಫ್ಟ್‌ವೇರ್ ಅದು. ಒಂದು ವರ್ಷದ ಚಂದಾ ಕಟ್ಟಿ ಬೇರೆ ಸಾಫ್ಟ್‌ವೇರ್ ತಗೊಂಡೆ, ದುಡ್ಡು ಹೋಯಿತು, ಮೂರು ರಾತ್ರಿ ನಿದ್ದೆಯೂ ಹೋಯಿತು. ಅದಾದ ಮೇಲೆ ಇಲ್ಲಿಗೆ ಬಂದೆ. ವಿಡಿಯೋ ಕೆಲಸ ಈಗಷ್ಟೇ ಕಲಿಯುತ್ತಿರುವ ನಮ್ಮ ಕಡೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಶಿರಸಿಯ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ತೋಟದ ಕೆಲಸ ಸ್ವಲ್ಪ ಕಡಿಮೆ ಆದಾಗ ಮನೆಗಳಲ್ಲಿ ತಾಳಮದ್ದಳೆ ಇಡುತ್ತಾರೆ. ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಅದನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಊರು ಬಿಟ್ಟವರಿಗೆ ಕಳಿಸಬೇಕು ಅನ್ನುವುದು ನನ್ನ ಆಸೆ. ಸಾಮಾನು ಇಷ್ಟೇ: ಒಂದು ಮೊಬೈಲ್, ಒಂದು ಟ್ರೈಪಾಡ್, ಪದ್ಯ ಹಾಡುವ ಭಾಗವತರ ಎದುರಿಗೆ ಇಡಲು ಒಂದು ಸಣ್ಣ ಆಡಿಯೋ ರೆಕಾರ್ಡರ್. ಜೊತೆಗೆ 8 ಜಿಬಿ ರ್‍ಯಾಮ್ ಇರುವ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್.

ಹೋದ ವರ್ಷ ನಮ್ಮ ಮನೆಯ ಜಗಲಿಯಲ್ಲೇ ಒಂದು ತಾಳಮದ್ದಳೆ ಆಯಿತು. ಎರಡು ಗಂಟೆ ಹತ್ತು ನಿಮಿಷದ ರೆಕಾರ್ಡಿಂಗ್. ಚಂದಾ ಕಟ್ಟಿದ ಆ ಸಾಫ್ಟ್‌ವೇರ್‌ಗೆ ಮೊಬೈಲ್ ವಿಡಿಯೋ ಹಾಕಿದೆ, ಕೆಳಗೆ ರೆಕಾರ್ಡರಿನ ಧ್ವನಿ ಜೋಡಿಸಿದೆ. ಶುರುವಿನಲ್ಲಿ ಹೊಡೆದ ಚಪ್ಪಾಳೆಗೆ ಎರಡನ್ನೂ ಸರಿಯಾಗಿ ಕೂರಿಸಿದೆ. ಗಣಪತಿ ಸ್ತುತಿ ಮುಗಿಯುವ ತನಕ ನೋಡಿದೆ, ಚೆನ್ನಾಗಿತ್ತು. ಹಾಗೇ ಎಕ್ಸ್‌ಪೋರ್ಟ್ ಮಾಡಿ ಎಲ್ಲರಿಗೂ ಕಳಿಸಿಬಿಟ್ಟೆ.

ಮರುದಿನ ಮದ್ದಳೆ ಬಾರಿಸಿದ ಹಿರಿಯರು ಫೋನ್ ಮಾಡಿದರು. "ತಮಾ, ಯನ್ನ ಕೈ ಎತ್ತಿ ಆದಮೇಲೆ ಪೆಟ್ಟು ಕೇಳ್ತಲ" ಅಂದರು. ನೋಡಿದರೆ ಹೌದು. ಕೊನೆಯ ಅರ್ಧ ಗಂಟೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಬಾಯಿ ಮುಚ್ಚಿದ ಮೇಲೂ ಮಾತು ಕೇಳುತ್ತಿತ್ತು. ಸುಮಾರು ಒಂದೂವರೆ ಸೆಕೆಂಡ್ ವ್ಯತ್ಯಾಸ.

ಧ್ವನಿಯನ್ನು ಹಿಂದೆ ಸರಿಸಿದೆ. ಕೊನೆ ಸರಿಯಾಯಿತು, ಮೊದಲು ಕೆಟ್ಟಿತು. ಮೊದಲು ಸರಿಮಾಡಿದರೆ ಕೊನೆ ಕೆಟ್ಟಿತು. ಹತ್ತು ಹತ್ತು ನಿಮಿಷದ ತುಂಡು ಮಾಡಿ ಒಂದೊಂದನ್ನೇ ಜೋಡಿಸಿದೆ. ತುಂಡು ಕೂಡಿದ ಕಡೆಯಲ್ಲೆಲ್ಲ ಪದ್ಯ ಹಾರಿದ ಹಾಗೆ ಕೇಳುತ್ತಿತ್ತು. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸುತ್ತಾರೆ. ಮದ್ದಳೆಯ ಪೆಟ್ಟು ತಪ್ಪಿದರೆ ತಾಳವೇ ತಪ್ಪಿದ ಹಾಗೆ ಕಾಣುತ್ತದೆ. ಬಾರಿಸಿದವರಿಗೆ ಅದು ಅವಮಾನ ಅಲ್ವಾ? ನನಗೆ ನಿಜಕ್ಕೂ ಬೇಜಾರಾಯಿತು.

ಮೂರನೇ ರಾತ್ರಿ ಒಂದು ವಿಷಯ ಗಮನಿಸಿದೆ. ಮೊದಲ ನಲವತ್ತು ನಿಮಿಷ ಎಲ್ಲವೂ ಸರಿ ಇದೆ. ಆಮೇಲೆ ಕರೆಂಟ್ ಹೋಗಿದೆ, ಇನ್ವರ್ಟರಿನ ಒಂದೇ ಬಲ್ಬು ಉಳಿದಿದೆ. ತಪ್ಪು ಶುರುವಾದದ್ದು ಅಲ್ಲಿಂದ.

ಕಾರಣ ಇದು. ಮೊಬೈಲಿನಲ್ಲಿ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ, ಅಂತ ಸೆಟ್ ಮಾಡಿದರೂ ಅದು ಯಾವಾಗಲೂ ಕರಾರುವಾಕ್ಕಾಗಿ 30 ತೆಗೆಯುವುದಿಲ್ಲ. ಬೆಳಕು ಕಡಿಮೆ ಆದರೆ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಬೆಳಕು ಕುಡಿಯಬೇಕು. ಆಗ ಎಷ್ಟೋ ಮೊಬೈಲ್‌ಗಳು ಫ್ರೇಮಿನ ಲೆಕ್ಕ ಇಳಿಸುತ್ತವೆ. ಬೆಳಕು ಬಂದರೆ ಮತ್ತೆ ಏರಿಸುತ್ತವೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅನ್ನುತ್ತಾರೆ. ಮೊಬೈಲಿನಲ್ಲೇ ನೋಡಿದರೆ ತೊಂದರೆ ಕಾಣುವುದಿಲ್ಲ, ಯಾಕೆಂದರೆ ಪ್ರತಿ ಫ್ರೇಮಿನ ಸಮಯ ಫೈಲಿನೊಳಗೆ ಬರೆದಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಆ ಸಮಯ ನೋಡದೆ ಎಲ್ಲ ಫ್ರೇಮೂ ಸಮ ಅಂತ ಲೆಕ್ಕ ಹಾಕಿದರೆ ಚಿತ್ರ ಬೇಗ ಓಡುತ್ತದೆ, ಧ್ವನಿ ಹಿಂದೆ ಬೀಳುತ್ತದೆ. ಎರಡು ನಿಮಿಷದ ವಿಡಿಯೋದಲ್ಲಿ ಗೊತ್ತೇ ಆಗುವುದಿಲ್ಲ. ಎರಡು ಗಂಟೆಯದರಲ್ಲಿ ಮುಖಕ್ಕೆ ರಾಚುತ್ತದೆ.

ಶಾಟ್‌ಕಟ್ ನನಗೆ ಹಿಡಿಸಿದ್ದು ಇದೇ ಜಾಗದಲ್ಲಿ. ಅದೇ ಫೈಲನ್ನು ತೆರೆದ ಕೂಡಲೇ ಇದು ವೇರಿಯಬಲ್ ಫ್ರೇಮ್ ರೇಟ್ ಇದೆ, ಎಡಿಟ್‌ಗೆ ಸರಿಹೊಂದುವ ಹಾಗೆ ಬದಲಿಸಲೇ ಅಂತ ಅದೇ ಕೇಳಿತು. ಸರಿ ಅಂದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಡೀ ರಾತ್ರಿ ಬೇಕಾಯಿತು. ಫೈಲೂ ಹಲವು ಪಟ್ಟು ದೊಡ್ಡದಾಯಿತು, ಹೊರಗಿನ ಹಾರ್ಡ್ ಡಿಸ್ಕ್ ಹಾಕಲೇಬೇಕಾಯಿತು. ಬೆಳಿಗ್ಗೆ ಮೊದಲ ಚಪ್ಪಾಳೆಗೆ ಕೂರಿಸಿ ನೇರವಾಗಿ ಮಂಗಳ ಪದ್ಯಕ್ಕೆ ಹೋದೆ. ಕೈಗೂ ಪೆಟ್ಟಿಗೂ ಹೊಂದಿತ್ತು. ಬೇರೆ ಸಾಫ್ಟ್‌ವೇರ್ ಬಳಸುವವರು ವಿಡಿಯೋ ಫೈಲ್ ಬದಲಿಸುವ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ (ಫ್ರೇಮಿನ ಲೆಕ್ಕ ಏರಿಳಿಯದ್ದು) ಆರಿಸಿ ಮೊದಲೇ ಬದಲಿಸಿಕೊಳ್ಳಬಹುದು. ಅದೂ ಉಚಿತ. ಆದರೆ ಹಾಗೆ ಮಾಡಬೇಕು ಅನ್ನುವುದೇ ಹೊಸಬರಿಗೆ ಗೊತ್ತಿರುವುದಿಲ್ಲ.

ಡಾವಿಂಚಿ ರಿಸಾಲ್ವ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬಗ್ಗೆ ನನಗೆ ಗೌರವ ಇದೆ. ಅದರ ಉಚಿತ ಆವೃತ್ತಿಯಲ್ಲೇ ಇಷ್ಟು ಕೊಡುವವರು ಇನ್ನೊಬ್ಬರಿಲ್ಲ. ಬಣ್ಣ ತಿದ್ದುವುದರಲ್ಲಂತೂ ಸಿನಿಮಾದವರೇ ಬಳಸುವ ಸಲಕರಣೆ ಅದು. ಹುಬ್ಬಳ್ಳಿಯಲ್ಲಿರುವ ಭಾವನ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆ, ಅಲ್ಲಿ ಕೂತು ಒಂದು ದಿನ ನೋಡಿದೆ. ಒಂದು ಕಡೆ ಟ್ಯೂಬ್‌ಲೈಟು, ಇನ್ನೊಂದು ಕಡೆ ಹಳದಿ ಬಲ್ಬು ಇದ್ದರೂ ಭಾಗವತರ ಮುಖದ ಬಣ್ಣ ಸಹಜವಾಗಿ ಬಂತು. ಶಾಟ್‌ಕಟ್‌ನಲ್ಲಿ ಅಷ್ಟು ಚೆಂದ ನನಗೆ ತರಲಾಗಲಿಲ್ಲ. ಕಲಿಯಲು ತಯಾರಕರೇ ಪಾಠದ ಪುಸ್ತಕಗಳನ್ನು ಪುಕ್ಕಟೆ ಕೊಡುತ್ತಾರೆ. ಆದರೆ ಅವರೇ ಹೇಳುವ ಪ್ರಕಾರ ಅದಕ್ಕೆ 16 ಜಿಬಿ ರ್‍ಯಾಮ್ ಬೇಕು. ನನ್ನದು ಅದರ ಅರ್ಧ. ಮನೆಗೆ ಬಂದು ಹಾಕಿ ನೋಡಿದಾಗ ವಿಡಿಯೋ ತುಂಡು ತುಂಡಾಗಿ ಓಡಿತು. ಅದು ಲ್ಯಾಪ್‌ಟಾಪಿನ ಮಿತಿ, ಸಾಫ್ಟ್‌ವೇರಿನ ತಪ್ಪಲ್ಲ. ಇನ್ನೊಂದು, ಅದರೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಪುಟ ಇದೆ. ದಿನಾ ಕೂರುವವರಿಗೆ ಒಳ್ಳೆಯದು. ನಾನು ಕೂರುವುದು ತಿಂಗಳಿಗೆ ಒಂದೆರಡು ಸಲ. ಪ್ರತಿ ಸಲ ಯಾವುದು ಎಲ್ಲಿತ್ತು ಅಂತ ಹುಡುಕುವುದೇ ಆಗುತ್ತದೆ.

ಶಾಟ್‌ಕಟ್‌ನಲ್ಲಿ ನಾನು ನೆನಪಿಟ್ಟಿರುವುದು ಎರಡೇ ಕೀ. ಎಸ್ ಒತ್ತಿದರೆ ಕತ್ತರಿಸುತ್ತದೆ. ಎಕ್ಸ್ ಒತ್ತಿದರೆ ಆ ತುಂಡು ಹೋಗಿ ಹಿಂದಿನದು ಮುಂದಿನದು ಕೂಡಿಕೊಳ್ಳುತ್ತದೆ. ಪ್ರಾಕ್ಸಿ ಆನ್ ಮಾಡಿಟ್ಟರೆ ಎಡಿಟ್ ಮಾಡುವಾಗ ಸಣ್ಣ ನಕಲು ಬಳಸುತ್ತದೆ, ಎಕ್ಸ್‌ಪೋರ್ಟ್‌ಗೆ ಅಸಲಿ ಫೈಲ್. ಹಳೇ ಲ್ಯಾಪ್‌ಟಾಪ್ ಇದರಿಂದ ಬದುಕಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿಯೂ ಸತ್ತರೆ, ಮತ್ತೆ ತೆರೆದಾಗ ತಾನೇ ಉಳಿಸಿಟ್ಟದ್ದನ್ನು ವಾಪಸ್ ತರಲೇ ಅಂತ ಕೇಳುತ್ತದೆ.

ಕನ್ನಡ ಹೆಸರು ಹಾಕುವಾಗ ಒತ್ತಕ್ಷರ ಸರಿಯಾಗಿ ಕೂತಿತು. ಯೂನಿಕೋಡ್ ಫಾಂಟ್ ಇರಬೇಕು ಅಷ್ಟೇ.

ಮೊಬೈಲ್ ಆಪ್ ಬೇಡವೇ ಅಂತ ಕೇಳುತ್ತೀರಿ. ಕೈನ್‌ಮಾಸ್ಟರ್ ನಾನೂ ಬಳಸಿದ್ದೇನೆ. ಅತ್ತೆ ತೊಡೆದೇವು ಎರೆಯುವ ಒಂದು ನಿಮಿಷದ ವಿಡಿಯೋವನ್ನು ಒಲೆ ಪಕ್ಕದಲ್ಲೇ ಕೂತು ಮುಗಿಸಿದೆ. ಪುಕ್ಕಟೆ ಬಳಸಿದರೆ ಮೂಲೆಯಲ್ಲಿ ಅದರ ಗುರುತು ಬರುತ್ತದೆ. ಎರಡು ಗಂಟೆಯ ಟೈಮ್‌ಲೈನನ್ನು ಬೆರಳಲ್ಲಿ ಉಜ್ಜುತ್ತಾ ಕೂರುವುದು ಮಾತ್ರ ಆಗದ ಕೆಲಸ.

ಕಂಪ್ಯೂಟರಿನ ಕೆಡೆನ್‌ಲೈವ್ ಸಾಫ್ಟ್‌ವೇರ್ ಕೂಡ ಒಳ್ಳೆಯದೇ. ಉಚಿತ, ಶಾಟ್‌ಕಟ್‌ನ ಹಾಗೆ ಎಂಎಲ್‌ಟಿ ಅನ್ನುವ ಒಳಗಿನ ಎಂಜಿನ್ ಮೇಲೆಯೇ ನಡೆಯುತ್ತದೆ. ಮೊದಲು ಕೈಗೆ ಸಿಕ್ಕಿದ್ದು ಶಾಟ್‌ಕಟ್ ಆದ್ದರಿಂದ ಅಲ್ಲೇ ಉಳಿದೆ.

ಯಾವುದನ್ನೇ ತಗೊಳ್ಳಿ, ರೆಕಾರ್ಡ್ ಮಾಡುವಾಗಲೇ ಮೂರು ಕೆಲಸ ಮಾಡಿ. ಚಪ್ಪಾಳೆಯನ್ನು ಶುರುವಿನಲ್ಲಿ ಮಾತ್ರ ಅಲ್ಲ, ಕೊನೆಯಲ್ಲೂ ಹೊಡೆಯಿರಿ. ಎರಡೂ ಕೂತರೆ ನಡುವಿನದು ಹೆಚ್ಚುಕಡಿಮೆ ಸರಿ ಅಂತ ಅರ್ಥ. ರೆಕಾರ್ಡರಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯಬೇಕು ಅನ್ನುವ ಲೆಕ್ಕ) 48,000 ಹರ್ಟ್ಜ್‌ಗೆ ಇಡಿ, ವಿಡಿಯೋದವರ ಲೆಕ್ಕ ಅದು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಕ್ಯಾಮೆರಾದ ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟಿನ ಪಟ್ಟೆ ಓಡುವುದು ನಿಲ್ಲುತ್ತದೆ.

ಹಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಯಾವ ಸಾಫ್ಟ್‌ವೇರಿನಲ್ಲೂ ನನಗೆ ಪೂರ್ತಿ ತೆಗೆಯಲಾಗಲಿಲ್ಲ. ಮೈಕು ಬಾಯಿಯ ಹತ್ತಿರ ಇರಬೇಕು, ಅಷ್ಟೇ ದಾರಿ.

ಮದುವೆ, ಮುಂಜಿ ವಿಡಿಯೋ ಮಾಡಿ ಸಂಪಾದಿಸುವ ಯೋಚನೆ ಇದ್ದರೆ, ಒಳ್ಳೆಯ ಕಂಪ್ಯೂಟರೂ ಇದ್ದರೆ, ಡಾವಿಂಚಿಯನ್ನೇ ಕಲಿಯಿರಿ. ನನಗೆ ಅದಕ್ಕಾಗಿ ಹೊಸ ಲ್ಯಾಪ್‌ಟಾಪ್ ತಗೊಳ್ಳುವಷ್ಟು ಕೈಯಲ್ಲಿಲ್ಲ. ಈ ಸಲದ ಅಡಿಕೆ ದುಡ್ಡಿನಲ್ಲಿ ಅರ್ಥಧಾರಿಗಳಿಗೆ ಎರಡು ಕಾಲರ್ ಮೈಕ್ ತರುತ್ತೇನೆ. ಎಡಿಟಿಂಗ್ ಶಾಟ್‌ಕಟ್‌ನಲ್ಲೇ.