ತಗಾಯ್ತಾಯ್ ಬೆಟ್ಟವೋ, ಕ್ಯೋಟೋದ ಉದ್ಯಾನವೋ? ಫಿಲಿಪೀನೋ–ಜಪಾನೀ ಬಯಲು ಮದುವೆ

ಆಪ್ತರಷ್ಟೇ ಸೇರುವ ಮದುವೆಗೆ ಫಿಲಿಪೀನ್ಸಿನ ತಾಲ್ ಸರೋವರದ ನೆತ್ತಿಯ ಮೇಲಿರುವ ತಂಪಾದ ತಗಾಯ್ತಾಯ್ ಸೊಗಸಾದ ಜಾಗವೇ ಹೌದು. ಆದರೆ ಕ್ಯಾಥೊಲಿಕ್ ವಿವಾಹವು ಸಾಮಾನ್ಯವಾಗಿ ಚರ್ಚಿನೊಳಗೇ ನಡೆಯಬೇಕಾದ್ದರಿಂದ, ಬಯಲಿಗೆ ಬಿಷಪ್ಪರ ಅನುಮತಿ ಬೇಕಾಗುತ್ತದೆ. ಜಪಾನಿನಲ್ಲಿ ಸ್ಥಳೀಯ ಪುರಸಭೆಯ ನೋಂದಣಿಯೇ ಕಾನೂನಿನ ಮದುವೆಯಾಗಿರುವುದರಿಂದ, ವಿಧಿಗಳನ್ನು ಕ್ಯೋಟೋದ ಉದ್ಯಾನದಲ್ಲೂ ಇಟ್ಟುಕೊಳ್ಳಬಹುದು. ನವೆಂಬರಿನಲ್ಲಿ ಅಲ್ಲಿ ಕೆಂಪೆಲೆಗಳ ಕಾಲ, ಜನಸಂದಣಿಯೂ ಹೆಚ್ಚು.

ಫಿಲಿಪೀನೋ ವಿಧಿಯ ಮೋಂಬತ್ತಿ ಗಾಳಿಗೆ ಆರುತ್ತದೆ, ಜೋಡಿಗೆ ಹೊದಿಸುವ ಮುಸುಕು ಹಾರುತ್ತದೆ. ಎಂಟರ ಆಕಾರದಲ್ಲಿ ಇಬ್ಬರ ಹೆಗಲ ಮೇಲೆ ಹಾಕುವ ಹಗ್ಗ ಮತ್ತು 13 ನಾಣ್ಯಗಳಿಗೆ ಆ ಭಯವಿಲ್ಲ. ಮೂರು ಬಟ್ಟಲುಗಳಿಂದ ‘ಸಾಕೆ’ ಎಂಬ ಅಕ್ಕಿಯ ಮದ್ಯವನ್ನು ಮೂರು ಮೂರು ಗುಟುಕು ಕುಡಿಯುವ ಜಪಾನೀ ವಿಧಿ ಸಾನ್‌ಸಾನ್‌ಕುದೋ ಬಯಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಎರಡೂ ಮನೆತನಗಳ ವಿಧಿಗಳನ್ನು ಸೇರಿಸುವವರಿಗೆ ನಾನು ಕ್ಯೋಟೋವನ್ನೇ ಸೂಚಿಸುತ್ತೇನೆ.